ಬಾದಾಮಿಯ ಮಾತಿಗೆ ಐಹೊಳೆಯ ಜವಾಬು

ಈಜಿಪ್ಟಿನ ಹತ್‌ಶೆಪ್‌ಸುತ್ ರಾಣಿಯ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಕ್ರಿ.ಪೂ. 15ನೆಯ ಶತಮಾನದಲ್ಲಿ, ಬಾಲಕ ದೊರೆ ಮೂರನೆಯ ತುತ್ಮೋಸನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದ ಈಕೆ ತಾನೇ ಫೆರೋ ಆದಳು. ದೈರ್ ಅಲ್-ಬಹ್ರಿಯಲ್ಲಿ ಭಾರಿ ದೇಗುಲ ಕಟ್ಟಿಸಿ, ತಾನು ಅಮುನ್ ದೇವರ ಮಗಳೆಂದು ಅದರ ಗೋಡೆಯಲ್ಲಿ ಕೆತ್ತಿಸಿದಳು. ಆಕೆ ತೀರಿಕೊಂಡು ವರ್ಷಗಳಾದ ಮೇಲೆ, ತುತ್ಮೋಸನ ಆಳ್ವಿಕೆಯಲ್ಲಿ, ಆ ಹೆಸರು-ಚಿತ್ರಗಳನ್ನು ಉಳಿಯಿಂದ ಅಳಿಸಲಾಯಿತು.

ಇಂಥದೇ ಒಂದು ಕಥೆ ನಮ್ಮ ಮಗ್ಗುಲಲ್ಲೇ ಇದೆ. ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿದರೆ ಸುಮಾರು ಮೂರು ತಾಸು, ಬಾದಾಮಿ.

ಪಟ್ಟದ ಹಕ್ಕು ಗಟ್ಟಿ ಇದ್ದವನಿಗೆ ಅದನ್ನು ಕಲ್ಲಿನಲ್ಲಿ ಕೊರೆಸುವ ಗರಜು ಏನು? ಚಾಲುಕ್ಯರು ಮೊದಮೊದಲು ಹೊಸಬರು. ಒಂದನೆಯ ಪುಲಕೇಶಿ 543ರಲ್ಲಿ ಕೋಟೆ ಕಟ್ಟಿಸಿದ. ಅದನ್ನೂ, ತಾನು ಅಶ್ವಮೇಧ ಮಾಡಿದ್ದನ್ನೂ ಬಾದಾಮಿಯ ಬಂಡೆಯಲ್ಲಿ ಬರೆಸಿದ. ಕೋಟೆ ವೈರಿಗಳಿಗೆ, ಬರಹ ಉಳಿದವರಿಗೆ ಎನ್ನಬಹುದು.

ಅವನ ಮಗ ಮಂಗಲೇಶನ ಕಥೆ ಇನ್ನೂ ಸ್ವಾರಸ್ಯದ್ದು. 578ರಲ್ಲಿ ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ ಮೂರನೆಯ ಗುಹೆಯ ವಿಷ್ಣು ದೇಗುಲವನ್ನು ಕೊರೆಸಿದವನು ಈ ತಮ್ಮ. ಅದರ ಪುಣ್ಯ ಅಣ್ಣನಿಗೆ ಸಲ್ಲಲಿ ಎಂದು ಅಲ್ಲಿನ ಶಾಸನ ಹೇಳುತ್ತದೆ. ಅಣ್ಣ ತೀರಿಕೊಂಡಾಗ ಮಕ್ಕಳು ಚಿಕ್ಕವರಿದ್ದರೆಂದು ಇತಿಹಾಸಕಾರರ ಊಹೆ. ಪಟ್ಟ ತಮ್ಮನದಾಯಿತು. ಆಮೇಲೆ ಮಹಾಕೂಟದಲ್ಲಿ ಅವನು ನಿಲ್ಲಿಸಿದ ಕಂಬದ ಮೇಲೆ ವಂಶದ ಹಿರಿಮೆ, ಅಣ್ಣನ ದಿಗ್ವಿಜಯ, ಕಳಚೂರಿ ಅರಸನನ್ನು ತಾನು ಸೋಲಿಸಿದ್ದು, ಅಲ್ಲಿಂದ ತಂದ ಸಂಪತ್ತನ್ನು ದೇವರಿಗೆ ಒಪ್ಪಿಸಿದ್ದು ಎಲ್ಲವೂ ಇವೆ. ಆ ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ.

ಇದಕ್ಕೆ ಜವಾಬು ಬಂದದ್ದು ಐಹೊಳೆಯಿಂದ. ಕೀರ್ತಿವರ್ಮನ ಮಗ ಇಮ್ಮಡಿ ಪುಲಕೇಶಿ ಚಿಕ್ಕಪ್ಪನ ಮೇಲೆ ಯುದ್ಧ ಮಾಡಿ 610ರ ಸುಮಾರಿಗೆ ಪಟ್ಟ ಪಡೆದ. ಮುಂದೆ 634ರಲ್ಲಿ ಗುಡ್ಡದ ಮೇಲಿನ ಮೇಗುತಿ ಜಿನಾಲಯವನ್ನು ಕಟ್ಟಿಸಿದ ಕವಿ ರವಿಕೀರ್ತಿ ಅದರ ಗೋಡೆಯಲ್ಲಿ ಕೆತ್ತಿಸಿದ್ದು ಬಹುಪಾಲು ಅರಸನ ಚರಿತ್ರೆಯನ್ನೇ. ಮಂಗಲೇಶ ಪಟ್ಟವನ್ನು ತನ್ನ ಮಗನಿಗೆ ಉಳಿಸಹೋಗಿ ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡನೆಂದು ಅಲ್ಲಿದೆ. ಗೆದ್ದವರ ಕಡೆಯ ಮಾತು ಎಂಬುದನ್ನು ಮರೆಯದೆ ಇದನ್ನು ಓದಬೇಕು. ಸೋತವನ ಮಗನ ಪರವಾಗಿ ಬರೆದ ಕವಿಯಿಲ್ಲ.

ಅಂದಹಾಗೆ, ಈ ಶಾಸನ ಪೂರ್ವದ ಹೊರಗೋಡೆಯಲ್ಲಿದೆ. ಬೆಳಗಿನ ಎದುರು ಬಿಸಿಲಿನಲ್ಲಿ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಹೊತ್ತೇರಿ ಬೆಳಕು ಗೋಡೆಯನ್ನು ಮೇಲಿನಿಂದ ಸವರುತ್ತ ಇಳಿಯುವಾಗ ಗೀರುಗೀರಿನಲ್ಲೂ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಕ್ಯಾಮರಾ ಒಯ್ಯುವವರು ಹನ್ನೊಂದರವರೆಗೆ ಕಾಯುವುದು ಲೇಸು.

ನನಗೆ ಮುಖ್ಯವೆನಿಸುವುದು ಇಷ್ಟು: ಪುಲಕೇಶಿ ಗೆದ್ದ, ಆದರೆ ಚಿಕ್ಕಪ್ಪನ ಗುಹೆಯ ಶಾಸನ ಇಂದಿಗೂ ಅಲ್ಲೇ ಇದೆ. ಈಜಿಪ್ಟಿನಲ್ಲಿ ಮಾಡಿದಂತೆ ಅದನ್ನು ಯಾರೂ ಕೆರೆದು ತೆಗೆಯಲಿಲ್ಲ. ಇಲ್ಲಿ ಒಂದು ಕಲ್ಲಿಗೆ ಇನ್ನೊಂದು ಕಲ್ಲು ಉತ್ತರ ಕೊಟ್ಟಿತು.

ಈ ಸವಾಲು-ಜವಾಬು ರಾಜ್ಯದ ಗಡಿಯನ್ನೂ ದಾಟಿತು. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದು ಇಲ್ಲಿನ ಬಂಡೆಯಲ್ಲಿ ತನ್ನ ಶಾಸನ ಹಾಕಿಸಿದ. ಸುಮಾರು ನೂರು ವರ್ಷದ ನಂತರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಊರನ್ನು ಸುಡಲಿಲ್ಲ, ಕೈಲಾಸನಾಥ ದೇವಾಲಯದ ಸಂಪತ್ತನ್ನು ಕಂಡು ಅದನ್ನು ದೇವರಿಗೇ ಮರಳಿ ಕೊಟ್ಟ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದು ಇಂದಿನ ವಿರೂಪಾಕ್ಷ ದೇವಾಲಯ. ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರೂ ಅಲ್ಲಿ ಕಲ್ಲಿನ ಮೇಲಿದೆ. ಸಂಪತ್ತು ಮರಳಿಸಿದ ಸಂಗತಿಯನ್ನು ವಿಕ್ರಮಾದಿತ್ಯ ಬರೆಸಿದ್ದು ಮಾತ್ರ ಕಂಚಿಯಲ್ಲೇ, ಪಲ್ಲವರ ಆ ಗುಡಿಯ ಕಂಬದ ಮೇಲೆ, ಕನ್ನಡದಲ್ಲಿ.