ಇರುಳು ಸಾಲದ ಹಾಡು

ಹಾಡು ಎಷ್ಟು ಹೊತ್ತು ಇರತಕ್ಕದ್ದು? ಪೇಟೆಯ ರಸಿಕನ ಉತ್ತರ ಸಿದ್ಧವಾಗಿಯೇ ಇದೆ: ಮೂರು ನಿಮಿಷ, ಬಹಳವಾದರೆ ಐದು. ಈ ಅಳತೆಯನ್ನು ಯಾವ ಸಂಗೀತಶಾಸ್ತ್ರಜ್ಞನೂ ಗೊತ್ತುಮಾಡಿದುದಲ್ಲ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ, 10 ಅಂಗುಲ ಅಗಲದ ಹಳೆಯ ಗ್ರಾಮಫೋನು ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದೇ ಸುಮಾರು 3 ನಿಮಿಷದ ಹಾಡು. ತಟ್ಟೆ ಮೂಲೆ ಸೇರಿ ದಶಕಗಳು ಕಳೆದುವು. ಅದು ಎಳೆದ ಗೆರೆಯನ್ನು ದಾಟಿದವರು ಮಾತ್ರ ವಿರಳ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಲ್ಲಿ ಈ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ. ಜಾತ್ರೆಯ ರಾತ್ರಿ ಹಾಡಿಕೆಯಿದೆಯೆಂದು ತಿಳಿದೊಡನೆ ಅಲ್ಲಿಯ ಕೇಳುಗನ ಬಾಯಿಂದ ಬರುವ ಮಾತು ಬೇರೆ: ‘ಎದುರಿಗಿ ಯಾವ ಮ್ಯಾಳ ಐತಿ?’ ಈ ಒಂದು ಪ್ರಶ್ನೆಯಲ್ಲಿ ಆ ನಾಡಿನ ದೀರ್ಘಗೀತಗಳ ಮರ್ಮವೆಲ್ಲ ಅಡಗಿದೆಯೆಂದರೆ ತಪ್ಪಾಗಲಾರದು. ಅಲ್ಲಿ ಹಾಡು ಉದ್ದವಾಗುವುದು ಕಥೆ ಉದ್ದವಾಗಿರುವುದರಿಂದ ಮಾತ್ರವಲ್ಲ. ಅದಕ್ಕೆ ಉತ್ತರ ಕೊಡುವವರು ಎದುರಿಗೆ ಕುಳಿತಿರುವುದರಿಂದ.

ಎದುರುಬದುರಾಗಿ ನಡೆಯುವ ಈ ಹಾಡಿಕೆಯ ಒಂದು ಪ್ರಸಿದ್ಧ ರೂಪ ಹರದೇಶಿ-ನಾಗೇಶಿ. ಹರದೇಶಿಯವರು ಶಿವನ ಪಕ್ಷ, ಎಂದರೆ ಗಂಡಿನ ಪಕ್ಷ. ನಾಗೇಶಿಯವರು ಶಕ್ತಿಯ ಪಕ್ಷ, ಹೆಣ್ಣಿನ ಪಕ್ಷ. ಮರಾಠೀ ಶಾಹಿರರಲ್ಲಿ ತುರಾ-ಕಲಗಿ ಎಂಬ ಹೆಸರಿನಿಂದ ನಡೆಯುವುದೂ ಇದೇ ವಾದವೇ. ಗಡಿ ಎಂಬುದು ನಕಾಶೆಯಲ್ಲಿ ಇದ್ದಷ್ಟು ಬಿಗಿಯಾಗಿ ಹಾಡಿನಲ್ಲಿ ಇಲ್ಲ. ಮುಖ್ಯ ಹಾಡುಗಾರನ ಕೈಯಲ್ಲಿ ದಪ್ಪು, ಹಿಂದೆ ನಿಂತವರ ಕೈಯಲ್ಲಿ ತುಂತುಣಿ ಮತ್ತು ತಾಳ: ಇಷ್ಟೇ ಸಾಮಗ್ರಿ. ದಪ್ಪಿನ ಚರ್ಮ ಇಬ್ಬನಿಗೆ ಸಡಿಲಾದಾಗ ಕಣಿಕೆಯ ಉರಿಗೆ ಹಿಡಿದು ಕಾಯಿಸಿಕೊಳ್ಳುತ್ತಾರೆ. ಒಂದು ಮೇಳದವರು ಪುರಾಣದಿಂದಲೋ ಲೋಕವ್ಯವಹಾರದಿಂದಲೋ ಒಂದು ಒಗಟನ್ನು ಹಾಡಿನಲ್ಲಿಯೇ ಕಟ್ಟಿ ಎಸೆದರೆ, ಎದುರಿನವರು ಅದನ್ನು ಬಿಡಿಸಿ, ತಮ್ಮದೊಂದು ಗಂಟನ್ನು ಬಿಗಿದು ಮರಳಿ ಎಸೆಯಬೇಕು. ಸವಾಲು-ಜವಾಬು ಎಂದು ಇದಕ್ಕೆ ಹೆಸರು. ತಡವರಿಸಿದವರನ್ನು ಜನ ಬಿಡುವುದಿಲ್ಲ. ಹಿಂದಿನ ಸಾಲಿನ ಮುದುಕರಿಗೆ ಪುರಾಣವೆಲ್ಲ ಬಾಯಿಪಾಠ. ಸುಳ್ಳು ಜವಾಬು ಅಲ್ಲಿ ನಡೆಯದು.

ಹೆಣ್ಣುಮಕ್ಕಳು ಹೊಸ್ತಿಲಾಚೆ ದನಿ ಎತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ, ನಾಗೇಶಿಯ ಹಾಡುಗಾರ್ತಿಯು ನೆರೆದ ಜನರ ನಡುವೆ ನಿಂತು, ಹೆಣ್ಣಿಲ್ಲದೆ ಹರನಿಗೂ ಗತಿಯಿಲ್ಲವೆಂದು ಬೆಳಗಿನ ತನಕ ವಾದಿಸುತ್ತಿದ್ದಳು. ಆಕೆಯ ಜವಾಬಿಗೆ ತಲೆದೂಗಿದ ಊರೇ ಮರುದಿನ ಆಕೆಯನ್ನು ‘ಹಾಡಕಿ’ ಎಂದು ಹಗುರವಾಗಿ ಕಂಡುದೂ ಉಂಟು. ವಾದದಲ್ಲಿ ಗೆದ್ದವಳಿಗೆ ಬದುಕಿನಲ್ಲಿ ಆ ಗೆಲವು ದಕ್ಕಲಿಲ್ಲವೆಂಬುದನ್ನು ಈ ಕಲೆಯನ್ನು ಹೊಗಳುವವರು ಮರೆಯುವುದು ಹೆಚ್ಚು.

ಇಂಥ ಹಾಡು ಗಂಟೆಗಟ್ಟಲೆ ನಡೆದರೂ ಬೇಸರ ತರುವುದಿಲ್ಲವೇಕೆ? ಅದರ ಕಟ್ಟಡವನ್ನು ನೋಡಬೇಕು. ಮೊದಲಿಗೆ ಪಲ್ಲವಿ, ಅದರ ಬೆನ್ನಿಗೆ ನುಡಿಗಳು. ಕೇಳುಗನ ಕಿವಿ ಒಂದು ಧಾಟಿಗೆ ಒಗ್ಗಿತೆನ್ನುವಷ್ಟರಲ್ಲಿ ‘ಚಾಲ’ ಬರುತ್ತದೆ: ನಡೆ ಬದಲಾಗಿ ಹಾಡು ಬೇರೆ ದಾರಿ ಹಿಡಿಯುತ್ತದೆ. ಆಮೇಲೆ ‘ಏರು’, ದನಿ ಮೇಲಕ್ಕೆ ಹೋಗುತ್ತದೆ, ದಪ್ಪಿನ ಪೆಟ್ಟು ಬಿರುಸಾಗುತ್ತದೆ. ಬಳಿಕ ‘ಇಳುವು’, ಉಸಿರು ತಗ್ಗಿ ಹಾಡು ನೆಲಕ್ಕೆ ಬರುತ್ತದೆ. ಕೊನೆಗೆ ‘ಕೂಡಪಲ್ಲ’ದಲ್ಲಿ ಎಲ್ಲರ ದನಿಯೂ ಕೂಡಿ ಮೊದಲಿನ ಪಲ್ಲವಿಗೆ ಮರಳುತ್ತದೆ. ಕಥೆಯಲ್ಲಿ ದಂಡು ಹೊರಟರೆ ಏರು, ತಾಯಿ ಅತ್ತರೆ ಇಳುವು. ಓದುಬರಹವಿಲ್ಲದ ಕವಿಗಳು ಕಟ್ಟಿದ ಈ ವ್ಯವಸ್ಥೆಯನ್ನು ನೋಡಿದರೆ, ದೀರ್ಘಗೀತವೆಂದರೆ ಗಿಡ್ಡ ಹಾಡನ್ನು ಹಿಗ್ಗಿಸಿದುದಲ್ಲ, ಅದರ ಜಾತಿಯೇ ಬೇರೆ ಎಂಬುದು ಮನದಟ್ಟಾಗುತ್ತದೆ.

ವಿಚಿತ್ರವೆಂದರೆ, ಇಂಥದೇ ಹಂಬಲ ಕಡಲಾಚೆಯ ಇಂಗ್ಲೆಂಡಿನಲ್ಲಿ 1970ರ ಆಸುಪಾಸಿನಲ್ಲಿ ತರುಣ ವಾದ್ಯಗಾರರನ್ನು ಹಿಡಿದುಕೊಂಡಿತು. ಪ್ರೊಗ್ರೆಸಿವ್ ರಾಕ್ ಎಂದು ಅವರ ಸಂಗೀತಕ್ಕೆ ಹೆಸರು. ಮೂರು ನಿಮಿಷದ ಪ್ರೇಮಗೀತಗಳಿಂದ ಬೇಸತ್ತ ಇವರು ದೊಡ್ಡ ತಟ್ಟೆಯ ಒಂದು ಮಗ್ಗುಲನ್ನೆಲ್ಲ ಒಂದೇ ಹಾಡಿಗೆ ಕೊಡತೊಡಗಿದರು. ‘ಯೆಸ್’ ಎಂಬ ಮೇಳದವರು 1972ರಲ್ಲಿ ಹೊರತಂದ ‘ಕ್ಲೋಸ್ ಟು ದಿ ಎಡ್ಜ್’ ಹಾಡಿಗೆ ನಾಲ್ಕು ಭಾಗಗಳು, 18 ನಿಮಿಷಕ್ಕೂ ಮಿಕ್ಕಿದ ಅವಧಿ. ಅದರ ಹಿಂದಿದ್ದ ಪ್ರೇರಣೆಗಳಲ್ಲೊಂದು ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಕಾದಂಬರಿ. ಭಾರತದ ನದೀತೀರದ ಕಥೆ ಜರ್ಮನ್ ಭಾಷೆಯನ್ನು ಸುತ್ತಿ ಇಂಗ್ಲಿಷ್ ಹಾಡಾಯಿತು. ಅದೇ ವರ್ಷ ‘ಜೆನೆಸಿಸ್’ ಮೇಳದ ‘ಸಪರ್ಸ್ ರೆಡಿ’ ಏಳು ಭಾಗಗಳಲ್ಲಿ ಸುಮಾರು 23 ನಿಮಿಷ ನಡೆಯಿತು. ‘ಜೆಥ್ರೊ ಟಲ್’ ಮೇಳದವರಂತೂ ‘ತಿಕ್ ಆ್ಯಸ್ ಎ ಬ್ರಿಕ್’ ಎಂಬ ಒಂದೇ ಹಾಡಿನಿಂದ ತಟ್ಟೆಯ ಎರಡೂ ಮಗ್ಗುಲುಗಳನ್ನು ತುಂಬಿಬಿಟ್ಟರು. ಕೇಳುವವನು ನಡುವೆ ಎದ್ದು ಹೋಗಿ ತಟ್ಟೆಯನ್ನು ಮಗುಚಿ ಹಾಕಬೇಕು!

ಆ ಹಾಡುಗಳಲ್ಲಿಯೂ ಚಾಲವುಂಟು, ಏರುಂಟು, ಇಳುವುಂಟು. ಕಡೆಯಲ್ಲಿ ಮೊದಲ ಧಾಟಿಗೆ ಮರಳುವ ಕೂಡಪಲ್ಲವೂ ಉಂಟು. ಇಂಡಿಯ ಲಾವಣಿಕಾರನಿಗೆ ಅವನ್ನು ಕೇಳಿಸಿದರೆ ಮಾತು ತಿಳಿಯದಿದ್ದರೂ ನಡೆ ತಿಳಿದೀತು. ಆದರೆ ಒಂದು ವ್ಯತ್ಯಾಸ ದೊಡ್ಡದು. ಅವರ ಹಾಡಿನ ಎಲ್ಲೆಯನ್ನು ಗೊತ್ತುಮಾಡಿದ್ದು ತಟ್ಟೆಯ ಅಗಲ. ಇವರ ಹಾಡಿನ ಎಲ್ಲೆ ಬೆಳಗಿನ ಕೋಳಿಯ ಕೂಗು. ಇನ್ನೊಂದು ಸಣ್ಣ ಸಂಗತಿಯೂ ಉಂಟು. ಜೆಥ್ರೊ ಟಲ್‌ನವರು ತಮ್ಮ ಹಾಡನ್ನು ಬರೆದವನು ಎಂಟು ವರ್ಷದ ಬಾಲಕನೊಬ್ಬನೆಂದು ತಮಾಷೆಗೆ ಒಬ್ಬ ಕವಿಯನ್ನೇ ಕಲ್ಪಿಸಿ ಹೊದಿಕೆಯ ಮೇಲೆ ಅಚ್ಚುಹಾಕಿದರು. ನಮ್ಮ ಲಾವಣಿಕಾರನು ಕೊನೆಯ ನುಡಿಯಲ್ಲಿ ತನ್ನ ಊರು, ಊರ ದೇವರು, ಗುರು, ಜೊತೆಗಾರರು ಎಲ್ಲರನ್ನೂ ಹೆಸರಿಸಿ, ಆಮೇಲೆ ತನ್ನ ಹೆಸರನ್ನು ಹೇಳಿಕೊಳ್ಳುತ್ತಾನೆ.

ಈ ಅಂಕಿತವು ಬರಿಯ ಅಲಂಕಾರವಲ್ಲ. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಏರಿದಾಗ ಕೃಷ್ಣೆಯ ದಂಡೆಯ ಎಷ್ಟೋ ಹಳ್ಳಿಗಳು ನೆಲೆ ಬಿಟ್ಟೆದ್ದುವು. ಮೊಸರಿಗೆ ಹೆಸರಾದ ಹಳೆಯ ಕೊಲ್ಹಾರವೂ ಹೊಸ ಜಾಗಕ್ಕೆ ಹೋಗಬೇಕಾಯಿತು. ಅಂಥ ಊರಿನಲ್ಲಿ ಹಿಂದೆ ಕಟ್ಟಿದ ಪದವೊಂದನ್ನು ಇಂದು ಹಾಡಿದರೆ, ನೀರೊಳಗಿನ ಊರೇ ತನ್ನ ದೇವರ ಹೆಸರಿನೊಡನೆ ಕೊನೆಯ ನುಡಿಯಲ್ಲಿ ಬಂದು ನಿಲ್ಲುತ್ತದೆ.

ಜನ ಮೆಚ್ಚಿ ಮತ್ತೆ ಮತ್ತೆ ಕೇಳುವ ದೀರ್ಘಗೀತಗಳಲ್ಲಿ ಮೊದಲ ಸ್ಥಾನ ಯಾವುದಕ್ಕೆ ಸಲ್ಲಬೇಕು ಎಂಬ ಬಗ್ಗೆ ಊರೂರಿಗೆ ಜಗಳವಿದೆ. ಹಾಲುಮತದವರನ್ನು ಕೇಳಿದರೆ ಡೊಳ್ಳಿನ ಪದವೇ. ಕಾಡಿನ ಪಾಲಾದ ಕೂಸು ಬೀರಪ್ಪ, ಅವನನ್ನು ಸಾಕಿದ ಅಕ್ಕ ಮಾಯವ್ವ, ಅವನ ಶಿಷ್ಯ ಮಾಳಿಂಗರಾಯ: ಈ ಕಥಾಚಕ್ರದ ಒಂದೊಂದು ಸಂಧಿಯೂ ಒಂದೊಂದು ರಾತ್ರಿಯನ್ನು ತಿನ್ನಬಲ್ಲದು. ಮಾಳಿಂಗರಾಯನ ನೆಲೆಯಾದ ಹುಲಿಜಂತಿ ಇಂದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿದ್ದರೂ, ದೀಪಾವಳಿಯ ಅಮಾವಾಸ್ಯೆಗೆ ಅಲ್ಲಿ ಪಲ್ಲಕ್ಕಿಗಳು ಕೂಡುವಾಗ ಈ ಕಡೆಯ ಹಳ್ಳಿಗಳೂ ಡೊಳ್ಳು ಕಟ್ಟಿಕೊಂಡು ಹೊರಡುತ್ತವೆ. ಅಕ್ಕ-ತಮ್ಮರ ಪ್ರಸಂಗ ಬಂದಾಗ ಡೊಳ್ಳು ಮೆಲ್ಲಗಾಗುವ ರೀತಿಯನ್ನು ಕೇಳಿಯೇ ತಿಳಿಯಬೇಕು. ಅಷ್ಟು ದೊಡ್ಡ ವಾದ್ಯ ಅಷ್ಟು ಸಣ್ಣ ದನಿಯಲ್ಲಿ ಅಳಬಲ್ಲುದೆಂದು ಅದನ್ನು ಮೆರವಣಿಗೆಯಲ್ಲಿ ಮಾತ್ರ ಕಂಡವರು ನಂಬಲಾರರು.

ಮೊಹರಮ್ಮಿನ ದಿನಗಳಲ್ಲಿ ಪಟ್ಟ ರಿವಾಯತ ಪದಗಳಿಗೆ. ಕರ್ಬಲಾದ ಕಾಳಗ, ನೀರಿಲ್ಲದೆ ಬಳಲಿದ ಮಕ್ಕಳು, ಹುಸೇನರ ಬಲಿದಾನ, ಎಲ್ಲವೂ ಅಚ್ಚ ಕನ್ನಡದಲ್ಲಿ. ಅಲಾವಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಮುಸಲ್ಮಾನರೆಷ್ಟೋ ಇತರರೂ ಅಷ್ಟೇ. ಮಳೆಯಿಲ್ಲದ ವರ್ಷಗಳನ್ನು ಕಂಡುಂಡ ಸೀಮೆಗೆ ಬಾಯಾರಿಕೆಯ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚರಿತ್ರೆಯ ಲಾವಣಿಗಳ ಪೈಕಿ ಹಲಗಲಿ ಬೇಡರ ಲಾವಣಿಗೆ ಸಮನಾದುದು ಕಡಮೆ. ಹಲಗಲಿ ಇರುವುದು ನೆರೆಯ ಮುಧೋಳದ ಕಡೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕುಂಪಣಿ ಸರಕಾರದ ಆಜ್ಞೆಯನ್ನು ಧಿಕ್ಕರಿಸಿದ ಬೇಡರ ಊರನ್ನು ದಂಡು ಬಂದು ಸುಟ್ಟಿತು. ಕುರ್ತಕೋಟಿ ಕಲ್ಮೇಶನ ಅಂಕಿತವುಳ್ಳ ಈ ಹಾಡನ್ನು ಶಾಸನತಜ್ಞ ಜೆ. ಎಫ್. ಫ್ಲೀಟ್ ಬರೆದಿಟ್ಟುಕೊಂಡು, 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳ ಮಾಲೆಯಲ್ಲಿ ಸೇರಿಸಿದನು. ಊರನ್ನು ಸುಟ್ಟ ಸರಕಾರದ ಅಧಿಕಾರಿಯೇ ಅದರ ಹಾಡನ್ನು ಅಚ್ಚಿನಲ್ಲಿ ಉಳಿಸಿದನು! ಲೂಟಿಯಾದ ವಸ್ತುಗಳ ಪಟ್ಟಿಯೊಂದು ಆ ಹಾಡಿನಲ್ಲಿದೆ. ಹಾಲುಮೊಸರಿನಿಂದ ಹಿಡಿದು ಮಂಗಳಸೂತ್ರ, ಬೀಸುವ ಕಲ್ಲಿನವರೆಗೆ ಕವಿ ಯಾವುದನ್ನೂ ಬಿಟ್ಟಿಲ್ಲ. ಸರಕಾರದ ವರದಿಯಲ್ಲಿ ಬೀಸುವ ಕಲ್ಲಿಗೆ ಸ್ಥಳವೆಲ್ಲಿ? ಮೂರು ನಿಮಿಷದ ಹಾಡಿನಲ್ಲಿಯೂ ಇಲ್ಲ. ಹಾಡನ್ನು ಕತ್ತರಿಸಲು ಕುಳಿತವರ ಕತ್ತರಿ ಮೊದಲು ಬೀಳುವುದು ಇಂಥ ಪಟ್ಟಿಗಳ ಮೇಲೆಯೇ.

ಕನ್ನಡಿಗರೇ ಈ ಕೆಲಸಕ್ಕೆ ಕೈಹಾಕಿದುದು ಹಲಸಂಗಿಯಲ್ಲಿ. ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದು ಈಗ ಚಡಚಣ ತಾಲ್ಲೂಕಿನಲ್ಲಿರುವ ಆ ಊರು ಲಾವಣಿಕಾರ ಖಾಜಾಭಾಯಿಯ ಊರೂ ಹೌದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಮನೆಮನೆಯ ಹಾಡನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದುವು. ಈ ಮೂರರಲ್ಲಿ ನಾಡಿನ ಮನಸ್ಸನ್ನು ಗೆದ್ದುದು ‘ಗರತಿಯ ಹಾಡು’. ಅದರ ತ್ರಿಪದಿಗಳು ಮೂರೇ ಸಾಲಿನವು. ಓದುವವನ ಕಣ್ಣಿಗೂ ನೆನಪಿಗೂ ಸುಲಭ. ಲಾವಣಿಗೆ ಆ ಭಾಗ್ಯ ಬರಲಿಲ್ಲ. ಪುಟದ ಮೇಲೆ ‘ಚಾಲ’, ‘ಏರು’ ಎಂಬ ಹೆಸರುಗಳು ಉಳಿದುವು. ಅವು ಸೂಚಿಸುವ ಹಾಡಿಕೆಯನ್ನು ಕೇಳದ ಓದುಗನಿಗೆ ಅವು ಹೆದ್ದಾರಿಯ ಪಕ್ಕದ ಮೈಲಿಗಲ್ಲುಗಳಂತೆ. ಇದರಲ್ಲಿ ಸಂಗ್ರಾಹಕರ ತಪ್ಪೇನೂ ಇಲ್ಲ. ಅವರು ಬರೆದಿಡದಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ.

ಪುಸ್ತಕದ ತರುವಾಯ ಕ್ಯಾಸೆಟ್ಟು ಬಂದಿತು. ಒಂದು ಮಗ್ಗುಲಿಗೆ ಅರ್ಧ ಗಂಟೆ. ಡೊಳ್ಳಿನ ಪದಕ್ಕೆ ಇದು ಇಕ್ಕಟ್ಟಾದರೂ ಉಸಿರು ಕಟ್ಟುವಷ್ಟಲ್ಲ. ಈಗ ಪ್ರತಿಯೊಬ್ಬನ ಅಂಗಿಯ ಕಿಸೆಯಲ್ಲಿ ಮೊಬೈಲಿದೆ. ವೇದಿಕೆಯ ಮುಂದೆ ಹುಡುಗರು ಅದನ್ನು ಎತ್ತಿ ಹಿಡಿದು ನಿಂತಿರುತ್ತಾರೆ. ಬೆಳಗಾಗುವಷ್ಟರಲ್ಲಿ ಹಾಡು ಯೂಟ್ಯೂಬಿನಲ್ಲಿರುತ್ತದೆ. ದುಬೈಯಲ್ಲಿಯೋ ಪುಣೆಯಲ್ಲಿಯೋ ದುಡಿಯುವ ಸಿಂದಗಿಯ ತರುಣನು ರಾತ್ರಿಪಾಳಿಯಲ್ಲಿ ಅದನ್ನು ಕೇಳಬಲ್ಲನು. ಇದು ಸಣ್ಣ ಲಾಭವಲ್ಲ. ಮೂರು ನಿಮಿಷದ ತಟ್ಟೆ ಎಂದೂ ಕೊಡದಿದ್ದ ಜಾಗವನ್ನು ಈ ಹೊಸ ಯಂತ್ರ ಕೊಟ್ಟಿದೆ. ಆದರೆ ಮೊಬೈಲು ಹಿಡಿದವನಿಗೆ ತನ್ನ ಮೇಳದ ಮೇಲೆ ಅಭಿಮಾನ. ತನ್ನವರು ಹಾಡುವಾಗ ಹಿಡಿಯುತ್ತಾನೆ, ಎದುರಿನವರು ಎದ್ದಾಗ ಚಹಾ ಕುಡಿಯಲು ಹೋಗುತ್ತಾನೆ. ಸವಾಲು ಒಬ್ಬನಲ್ಲಿ ಉಳಿಯುತ್ತದೆ. ಜವಾಬು ಇನ್ನೊಬ್ಬನಲ್ಲಿ, ಅಥವಾ ಎಲ್ಲಿಯೂ ಇಲ್ಲ. ಅರ್ಧ ಹಾಡನ್ನು ಪೂರ್ತಿಯೆಂದು ತಿಳಿದು ಮೆಚ್ಚುವ ಕೇಳುಗರ ಸಂಖ್ಯೆ ಬೆಳೆಯುತ್ತಿದೆ.

ಜಾತ್ರೆಯ ಬಯಲಿನಲ್ಲಿ ಮಾತ್ರ ಇನ್ನೂ ಹಳೆಯ ಪದ್ಧತಿಯೇ. ಮೂಡಣ ಬೆಳ್ಳಗಾಗುವ ಹೊತ್ತಿಗೆ ಹಿರಿಯರೊಬ್ಬರು ಎದ್ದು ಕೈಸನ್ನೆ ಮಾಡುತ್ತಾರೆ. ಇರುಳೆಲ್ಲ ಒಬ್ಬರನ್ನೊಬ್ಬರು ಹಾಡಿನಲ್ಲಿ ಹಳಿದುಕೊಂಡ ಎರಡು ಮೇಳದವರೂ ಒಟ್ಟಿಗೆ ನಿಂತು ಮಂಗಳ ಹಾಡುತ್ತಾರೆ. ದಪ್ಪುಗಳು ಬಟ್ಟೆಯ ಚೀಲ ಸೇರುತ್ತವೆ. ಜವಾಬು ದೊರೆಯದೆ ನಿಂತ ಸವಾಲೊಂದು ಬರುವ ವರ್ಷದ ಜಾತ್ರೆಗೆ ಬಾಕಿಯಾಗಿ ಉಳಿಯುವುದುಂಟು. ಆ ವರ್ಷವೆಲ್ಲ ಚಹಾದಂಗಡಿಯ ಕಟ್ಟೆಯ ಮೇಲೆ, ಜೋಳದ ರಾಶಿಯ ಕಣದಲ್ಲಿ ಅದರದೇ ಮಾತು.