ಕೆಸರು ಕಳಚುವ ಜಾಗ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಮುಗಿಯುತ್ತದೆ. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಸೀಮೆಯ ಮನೆಗಳಿಗೆ ಆ ದಿನಗಳಲ್ಲಿ ಸೂರಿನಿಂದ ಇಳಿಯುವ ನೀರಿಗಿಂತ ಕಾಲಿನಲ್ಲಿ ಬರುವ ನೀರೇ ದೊಡ್ಡ ಚಿಂತೆ. ತೋಟಕ್ಕೆ ಹೋದವರು, ಗದ್ದೆಗೆ ಹೋದವರು, ಡೈರಿಗೆ ಹಾಲು ಹಾಕಿ ಬಂದವರು, ಶಾಲೆ ಬಿಟ್ಟ ಮಕ್ಕಳು, ಮನೆಯ ನಾಯಿ, ಎಲ್ಲರೂ ಕೆಸರು ಹೊತ್ತೇ ಬರುವುದು. ಆ ಕೆಸರು ಎಲ್ಲಿ ನಿಲ್ಲಬೇಕು ಎಂಬುದನ್ನು ಹಿಂದಿನವರು ಪಾಯ ತೆಗೆಯುವಾಗಲೇ ಯೋಚಿಸುತ್ತಿದ್ದರು. ಈಗ ಆ ಯೋಚನೆ ಶುರುವಾಗುವುದು ಗೃಹಪ್ರವೇಶ ಮುಗಿದು, ಮೊದಲ ಮಳೆ ಬಂದು, ಹೊಸ ಟೈಲ್ಸ್ ಮೇಲೆ ಹೆಜ್ಜೆ ಮೂಡಿದ ಮೇಲೆ.

ಹಳೆಯ ಮಲೆನಾಡಿನ ಮನೆಯಲ್ಲಿ ಒಳಗೆ ಬರುವುದು ಒಂದೇ ಹೆಜ್ಜೆಯ ಕೆಲಸವಾಗಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಅಂಗಳದ ದಾರಿಗೆ ಅಡಿಕೆ ದಬ್ಬೆ ಹಾಸುತ್ತಿದ್ದರು. ಪಾಚಿಗಟ್ಟಿದ ನೆಲದಲ್ಲಿ ಜಾರದಂತೆ ಕಾಪಾಡುವ ಆ ದಬ್ಬೆಗಳ ಮೇಲೆ ನಡೆದು ಬರುವಷ್ಟರಲ್ಲಿ ಅರ್ಧ ಕೆಸರು ಅಲ್ಲೇ ಉಳಿಯುತ್ತಿತ್ತು. ಜಗಲಿಗೆ ಎರಚಲು ಹೊಡೆಯದಂತೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮೆಟ್ಟಿಲ ಪಕ್ಕ ನೀರಿನ ಪಾತ್ರೆ, ಮೇಲೊಂದು ಚೊಂಬು. ಗೋಡೆಯಲ್ಲಿ ಮರದ ಗೂಟಗಳು, ಒಂದರಲ್ಲಿ ಕತ್ತಿ, ಒಂದರಲ್ಲಿ ಛತ್ರಿ, ಇನ್ನೊಂದರಲ್ಲಿ ಮಳೆಗೆ ಹೊದೆಯುವ ಗೊರಬು. ಕಾಲು ತೊಳೆದವರು ಜಗಲಿಯ ಅಂಚಿನಲ್ಲಿ ಕೂತು ಬೆರಳ ಸಂದಿಯಲ್ಲಿ ಇಂಬಳ ಇದೆಯೇ ಎಂದು ನೋಡಿಕೊಂಡು, ಇದ್ದರೆ ಉಪ್ಪೋ ಸುಣ್ಣವೋ ಮುಟ್ಟಿಸಿ ಕಿತ್ತೆಸೆದು, ಆಮೇಲೆ ಒಳಗೆ ಬರುತ್ತಿದ್ದರು.

ಇದು ನೆಂಟರು, ಮಕ್ಕಳು, ಪೇಟೆಯಿಂದ ಬಂದವರ ದಾರಿ. ಕೆಲಸ ಮಾಡಿ ಬಂದವರ ದಾರಿ ಬೇರೆ ಇತ್ತು, ಅದು ಬಚ್ಚಲು. ಮಳೆಗಾಲವಿಡೀ ಬಚ್ಚಲ ಒಲೆ ಆರುತ್ತಿರಲಿಲ್ಲ. ಹಂಡೆಯಲ್ಲಿ ಬಿಸಿನೀರು, ಒಲೆಯ ಮೇಲ್ಗಡೆ ಗಳುವಿಗೆ ಹಾಕಿದ ಒದ್ದೆ ಕಂಬಳಿ, ಪಕ್ಕದಲ್ಲಿ ಒಣಗುವ ಸೌದೆ. ತೋಟದಿಂದ ಬಂದವರು ಹಿತ್ತಲ ಕಡೆಯಿಂದ ನೇರ ಅಲ್ಲಿಗೇ ಹೋಗಿ, ಬಟ್ಟೆ ಕಳಚಿ, ಸ್ನಾನ ಮಾಡಿ, ಒಣಬಟ್ಟೆ ಉಟ್ಟು ಅಡುಗೆಮನೆಗೆ ಬರುತ್ತಿದ್ದರು. ಕಳಚುವುದು, ತೊಳೆಯುವುದು, ಒಣಗಿಸುವುದು, ಮೂರಕ್ಕೂ ಜಾಗ ಅಲ್ಲೇ ಇತ್ತು. ಇವತ್ತಿನ ಮನೆಗಳ ಬಾಗಿಲಲ್ಲಿ ಕಳಚುವ ಜಾಗ ಹೇಗೋ ಸಿಗುತ್ತದೆ, ಉಳಿದೆರಡು ಮಾಯವಾಗಿವೆ. ಎಷ್ಟು ಚಂದದ ಸ್ಟ್ಯಾಂಡ್ ತಂದಿಟ್ಟರೂ ಮಳೆಗಾಲದಲ್ಲಿ ಅದು ಸೋಲುವುದು ಇದರಿಂದಲೇ ಎಂದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಬದಲಾವಣೆ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಕಂಬಳಿಕೊಪ್ಪೆ ಹೋಗಿ ಪ್ಲಾಸ್ಟಿಕ್ ಕೊಪ್ಪೆ, ರೇನ್‌ಕೋಟ್ ಬಂದವು. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಅದಕ್ಕೆ ಬೇಕಾದದ್ದು ನಿಧಾನವಾಗಿ ಒಣಗಿಸುವ ಬೆಂಕಿ. ಪ್ಲಾಸ್ಟಿಕ್ ಒಂದು ಹನಿಯನ್ನೂ ಹೀರುವುದಿಲ್ಲ. ಬಿದ್ದದ್ದೆಲ್ಲ ಕೆಳಗಿಳಿದು, ರೇನ್‌ಕೋಟ್ ನೇತುಹಾಕಿದ ಕಡೆ ಹೊಂಡವಾಗುತ್ತದೆ. ಅಂದರೆ ನಮಗೀಗ ಬಾಗಿಲ ಬಳಿ ಬೇಕಿರುವುದು ಬೆಂಕಿಯಲ್ಲ, ನೀರು ಹರಿದುಹೋಗುವ ದಾರಿ. ಗೋಡೆಗೆ ಮೊಳೆ ಹೊಡೆಯುವಾಗ ಅದರ ಕೆಳಗಿನ ನೆಲವನ್ನೂ ಒಮ್ಮೆ ನೋಡಬೇಕು.

ಕೆಸರಿನ ವಿಚಾರ ನೆಲದ ಅಂದಕ್ಕೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆಯ ತಿಂಗಳುಗಳಲ್ಲಿ ಮಲೆನಾಡನ್ನು ಕಾಡುತ್ತಿದೆ. ಅದನ್ನು ಹರಡುವ ಉಣುಗು ದರಗು, ಸೊಪ್ಪು, ಸೌದೆ ತರಲು ಹೋದವರ ಬಟ್ಟೆ ಹಿಡಿದು ಮನೆವರೆಗೂ ಬರಬಲ್ಲದು. ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ ಎಂದು ಆರೋಗ್ಯ ಇಲಾಖೆಯವರು ಹೇಳುತ್ತಲೇ ಇರುತ್ತಾರೆ. ಹಿತ್ತಲ ಬಾಗಿಲಿಂದ ಬಚ್ಚಲಿಗೆ ಹೋಗುವ ದಾರಿಯಿದ್ದ ಮನೆಯಲ್ಲಿ ಇದು ತಾನಾಗಿ ನಡೆಯುತ್ತದೆ. ನಡುಮನೆ ದಾಟಿ, ಮಲಗುವ ಕೋಣೆ ಹೊಕ್ಕು, ಅದಕ್ಕಂಟಿದ ಬಾತ್‌ರೂಮಿಗೆ ಹೋಗಬೇಕಾದ ಮನೆಯಲ್ಲಿ ಅದೇ ಬಟ್ಟೆ ಹಾಸಿಗೆಯ ಪಕ್ಕ ಬಂದು ಬೀಳುತ್ತದೆ. ಮಳೆಗಾಲದಲ್ಲಿ ಇಲಿಜ್ವರದ ಭಯ. ಇಲಿಯ ಮೂತ್ರ ಬೆರೆತ ಕೆಸರುನೀರು ಕಾಲಿನ ಸಣ್ಣ ಗಾಯದಿಂದಲೂ ರೋಗ ತರುತ್ತದೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಬಂದವರ ಅಂಗಿ ಮೈಲುತುತ್ತ, ಸುಣ್ಣದಿಂದ ನೀಲಿಗಟ್ಟಿರುತ್ತದೆ. ಇವೆಲ್ಲ ಹೊರಗೇ ನಿಲ್ಲಬೇಕಾದವು.

ಹೊರಗೆ ನಿಲ್ಲಬೇಕಾದದ್ದು ಕೆಸರು, ಉಣುಗು, ವಿಷ. ಜಗಲಿಯನ್ನು ಹೊಗಳುವಾಗ ಈ ಮಾತನ್ನು ಬಿಡಿಸಿ ಹೇಳಲೇಬೇಕು. ಅದೇ ಜಗಲಿ ಎಷ್ಟೋ ಮನೆಗಳಲ್ಲಿ ಜಾತಿಯ ಗಡಿಯೂ ಆಗಿತ್ತು. ಆ ಮನೆಯ ಗದ್ದೆಯನ್ನು ನೆಟ್ಟವರೇ ಅಂಗಳದಲ್ಲಿ ನಿಂತು, ಮೇಲಿಂದ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿದು ಹೋದರು. ಆ ಕ್ರಮ ತಿರುಗಿ ಬರಬಾರದು. ಕೂತು ಕಾಲು ತೊಳೆಯುವ ಕಟ್ಟೆ, ಬಿಸಿನೀರಿನ ನಲ್ಲಿ, ಒರಸಿಕೊಳ್ಳುವ ಬಟ್ಟೆ, ಮನೆಯವರಿಗೆ ಇದ್ದಂತೆಯೇ ಕೆಲಸಕ್ಕೆ ಬರುವವರಿಗೂ ಇರಬೇಕು. ಹಾಗೆಯೇ ದಿನಕ್ಕೆ ನಾಲ್ಕು ಸಲ ನೆಲ ಒರಸುವ ಹೆಂಗಸರ ಸೊಂಟದ ನೋವಿಗೂ ಬಾಗಿಲ ಬಳಿ ನಲ್ಲಿ ಇಲ್ಲದಿರುವುದಕ್ಕೂ ನೇರ ಸಂಬಂಧವಿದೆ. ನಕ್ಷೆ ಮಾಡಿಸುವಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ನಲ್ಲಿ ತಪ್ಪಿಹೋಗುವುದಿಲ್ಲ.

ಈಗಿರುವ ಮನೆಯಲ್ಲೇ ಏನು ಮಾಡಬಹುದು? ಮೊದಲು ನೆಲ. ನುಣುಪಾದ ವಿಟ್ರಿಫೈಡ್ ಟೈಲ್ಸ್ ಒದ್ದೆಯಾದರೆ ವಯಸ್ಸಾದವರಿಗೆ ಅಪಾಯ. ಸಿಟೌಟ್‌ನಲ್ಲಾದರೂ ಒರಟು ಮೈಯ ಕಲ್ಲು ಹಾಕಿಸುವುದು ಒಳ್ಳೆಯದು. ಮೆಟ್ಟಿಲ ಬುಡದಲ್ಲಿ ನಲ್ಲಿ, ಅದರ ನೀರು ಬಾಳೆ ಬುಡಕ್ಕೋ ತೆಂಗಿನ ಬುಡಕ್ಕೋ ಹೋಗಲಿ. ಕಾಲೊರಸು ಎರಡಿರಬೇಕು. ಹೊರಗೆ ಒರಟು ತೆಂಗಿನ ನಾರಿನದು ಮಣ್ಣು ಕೆರೆಯಲು, ಒಳಗೆ ಹತ್ತಿಯದು ನೀರು ಹೀರಲು. ಹತ್ತಿಯದಕ್ಕೆ ಬದಲಿ ಜೋಡಿಯೂ ಬೇಕು, ಏಕೆಂದರೆ ಆಷಾಢದಲ್ಲಿ ಒಗೆದದ್ದು ವಾರವಾದರೂ ಒಣಗದು. ಕೂರಲು ಒಂದೂವರೆ ಅಡಿ ಎತ್ತರದ ಕಟ್ಟೆ ಅಥವಾ ಬೆಂಚು ಇದ್ದರೆ ಮಂಡಿ ನೋವಿನವರು ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲಬೇಕಾಗುವುದಿಲ್ಲ.

ಗಂಬೂಟಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ತೋಟದ ಕೆಲಸಕ್ಕೆ ಅದು ಬಂದಮೇಲೆ ಇಂಬಳದ ಕಾಟ ತಗ್ಗಿತು, ಹಾವಿನ ಭಯವೂ ಕಡಿಮೆಯಾಯಿತು. ಆದರೆ ನೆಟ್ಟಗೆ ನಿಲ್ಲಿಸಿಟ್ಟ ಬೂಟಿನೊಳಗೆ ಬೆವರು ಆರುವುದಿಲ್ಲ, ಬೆಚ್ಚಗಿನ ಕತ್ತಲಿಗೆ ಕಪ್ಪೆ, ಚೇಳು, ಕೆಲವೊಮ್ಮೆ ಹಾವೇ ಸೇರಿಕೊಳ್ಳುತ್ತದೆ. ಹಲಗೆಯೊಂದಕ್ಕೆ ಮೊಳಕೈ ಉದ್ದದ ಗೂಟಗಳನ್ನು ಬಡಿದು, ಬೂಟನ್ನು ಅದಕ್ಕೆ ತಲೆಕೆಳಗಾಗಿ ಸಿಕ್ಕಿಸಬೇಕು. ಒಳಗಿನ ತೇವವೂ ಇಳಿಯುತ್ತದೆ, ಹಾವು, ಚೇಳಿಗೆ ಒಳಗೆ ಹೋಗಲು ಬೂಟಿನ ಬಾಯಿಯೂ ಸುಲಭಕ್ಕೆ ಸಿಗುವುದಿಲ್ಲ. ಆದರೂ ಹಾಕುವ ಮುಂಚೆ ಒಮ್ಮೆ ಕೊಡವುವ ಅಭ್ಯಾಸ ಬಿಡಬಾರದು.

ಬೆಂಗಳೂರಿನ ಫ್ಲಾಟಿನಲ್ಲಿರುವವರಿಗೆ ಅಂಗಳವೂ ಇಲ್ಲ, ಬಚ್ಚಲ ಒಲೆಯೂ ಇಲ್ಲ. ಬಾಗಿಲು ತೆಗೆದರೆ ಸೋಫಾ. ಹಾಗಾಗಿ ಚಪ್ಪಲಿ ಸ್ಟ್ಯಾಂಡು ಕಾರಿಡಾರಿಗೆ ಬರುತ್ತದೆ, ಅದರ ಹಿಂದೆಯೇ ಸೈಕಲ್ಲು, ರದ್ದಿ ಪೇಪರು, ಹಳೆಯ ಡಬ್ಬಗಳೂ ಬರುತ್ತವೆ. ಬೆಂಕಿ ಬಿದ್ದು ಹೊಗೆ ತುಂಬಿ, ಕರೆಂಟು ಹೋದಾಗ ಜನ ಗೋಡೆ ತಡವುತ್ತಾ ಓಡುವ ದಾರಿ ಅದೇ. ಅಲ್ಲಿ ಏನೂ ಇರಕೂಡದು. ಬಾಗಿಲ ಒಳಗೇ ಮೂರಡಿ ಜಾಗವನ್ನು ಇದಕ್ಕೆಂದು ಬಿಟ್ಟುಕೊಡಬೇಕು. ಪೂರ್ತಿ ಮುಚ್ಚಿದ ಪೆಟ್ಟಿಗೆಯಂಥ ಶೂ ರ‍್ಯಾಕಿನಲ್ಲಿ ಬೂಸ್ಟು ಹಿಡಿಯುತ್ತದೆ, ಗಾಳಿಯಾಡುವ ಪಟ್ಟಿಗಳ ಬಾಗಿಲಿನದು ಒಳ್ಳೆಯದು. ಒದ್ದೆ ಶೂ ಅದರೊಳಗೆ ಹೋಗಲೇಬಾರದು. ಒಳಗೆ ಹಳೆ ಪತ್ರಿಕೆ ತುರುಕಿ ಬಾಲ್ಕನಿಯಲ್ಲಿಟ್ಟು, ಕಾಗದ ಒದ್ದೆಯಾದಂತೆ ಬದಲಿಸುತ್ತಿದ್ದರೆ ಬೇಗ ಒಣಗುತ್ತದೆ. ಛತ್ರಿಗೆ ಕೊಕ್ಕೆ, ಕೆಳಗೊಂದು ಬಕೆಟ್ ಸಾಕು. ದಿನವೂ ಹಾಕುವ ಜೋಡು ಮಾತ್ರ ಅಲ್ಲಿರಲಿ, ಮದುವೆಮನೆಗೆ ಹಾಕುವಂಥವು ಕೋಣೆಯ ಕಪಾಟಿಗೆ ಹೋಗಲಿ.

ಹೊಸದಾಗಿ ಕಟ್ಟಿಸುವವರಲ್ಲಿ ನನ್ನದೊಂದು ಬೇಡಿಕೆ. ಹಿತ್ತಲ ಬಾಗಿಲಿಗೆ ಅಂಟಿಕೊಂಡಂತೆ, ಹೊರಗಿನಿಂದಲೂ ಒಳಗಿನಿಂದಲೂ ಬಾಗಿಲಿರುವ ಒಂದು ಬಚ್ಚಲನ್ನು ನಕ್ಷೆಯಲ್ಲೇ ಸೇರಿಸಿ. ಬಿಸಿನೀರಿನ ಪೈಪು, ಎದೆಯೆತ್ತರದಲ್ಲಿ ಸಾಲು ಕೊಕ್ಕೆ, ಬಟ್ಟೆ ನೆನೆಹಾಕುವ ಕಲ್ಲು, ಎತ್ತರದಲ್ಲಿ ಗಾಳಿಗೊಂದು ಕಿಂಡಿ ಇಷ್ಟಿದ್ದರೆ ಆಯಿತು. ನೆಲ ಹಾಕುವ ದಿನ ನೀವೇ ಎದುರು ನಿಂತು, ಅಡಿಗೆ ಕಾಲಿಂಚಿನಂತೆ ಹೊರಗಡೆಗೆ ಇಳಿಜಾರು ಇದೆಯೇ ಎಂದು ಒಂದು ಬಕೆಟ್ ನೀರು ಸುರಿದು ನೋಡಿ.