ಅತಿ ಪ್ರಾಚೀನ ಧರ್ಮಶಾಲೆ ಯಾವುದು?

ಕುಂದಗೋಳ ತಾಲ್ಲೂಕಿನ ಕುಬಿಹಾಳದಂತಹ ಒಂದು ಊರಿನಲ್ಲಿ ಹಳೆಯ ಧರ್ಮಶಾಲೆಯೊಂದಿದೆಯೆಂದು ಭಾವಿಸೋಣ. ಅದು 300 ವರ್ಷಗಳಿಂದ ಬಾಗಿಲು ಮುಚ್ಚದೆ ನಡೆದುಬಂದಿದೆ, ಅದಕ್ಕಿಂತ ಹಳೆಯದು ಬೇರೊಂದಿಲ್ಲ ಎಂದು ಊರ ಹಿರಿಯರು ಹೇಳುತ್ತಾರೆ. ಈ ಮಾತನ್ನು ನಾವು ಪರೀಕ್ಷಿಸುವ ಬಗೆ ಹೇಗೆ?

ಮೊದಲು ಪ್ರಶ್ನೆಯನ್ನೇ ಬಿಡಿಸಿ ನೋಡಬೇಕು. ಆ ಒಂದು ಮಾತಿನಲ್ಲಿ ಮೂರು ಹೇಳಿಕೆಗಳು ಅಡಗಿವೆ: ಸಂಸ್ಥೆ ಹುಟ್ಟಿದ ವರ್ಷ, ಕಟ್ಟಡದ ವಯಸ್ಸು, ನಡುವೆ ನಿಲ್ಲದೆ ನಡೆದುಬಂದ ಪರಂಪರೆ. ಒಂದು ನಿಜವಾದರೆ ಉಳಿದೆರಡೂ ನಿಜವಾಗಬೇಕೆಂಬ ನಿಯಮವಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ‘ಟ್ರಿಪ್ ಟು ಜೆರೂಸಲೆಮ್’ ಎಂಬ ಹೆಸರಾಂತ ಪಾನಗೃಹವುಂಟು. ಅದರ ಗೋಡೆಯ ಮೇಲೆ 1189 ಎಂಬ ಇಸವಿಯನ್ನು ಬರೆದಿದ್ದಾರೆ. ಈಗಿರುವ ಕಟ್ಟಡದ ಅತ್ಯಂತ ಹಳೆಯ ಭಾಗವಾದರೋ ಸುಮಾರು 1650ರದು. ಜಪಾನಿನ ಕೇಯುನ್‌ಕಾನ್ ವಸತಿಗೃಹ 705ರಲ್ಲಿ ಸ್ಥಾಪಿತವಾಯಿತೆಂದು ಹೇಳುತ್ತಾರೆ. ಜಗತ್ತಿನ ಅತಿ ಹಳೆಯ ಹೋಟೆಲೆಂದು 2011ರಲ್ಲಿ ಗಿನ್ನೆಸ್ ಸಂಸ್ಥೆ ಅದನ್ನು ಮನ್ನಿಸಿತು. ಆದರೆ ಅಲ್ಲಿ ಅತಿಥಿಗಳು ತಂಗುವ ಕಟ್ಟಡ ಆಧುನಿಕವಾದುದು.

ಕಟ್ಟಡದ ವಯಸ್ಸನ್ನು ಅರಿಯಲು ಭೌತವಿಜ್ಞಾನವು ನೆರವಾಗುತ್ತದೆ. ಮರವು ಬೆಳೆಯುವಾಗ ಗಾಳಿಯಿಂದ ಇಂಗಾಲ-14ನ್ನು ಪಡೆಯುತ್ತದೆ. ಮರದಲ್ಲಿ ಸೇರಿಕೊಂಡ ಈ ವಿಕಿರಣಶೀಲ ಇಂಗಾಲವು ಕ್ಷಯಿಸುತ್ತ 5730 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. 300 ವರ್ಷಗಳಲ್ಲಿ ಕ್ಷಯಿಸುವುದು ನೂರಕ್ಕೆ ಸುಮಾರು 3.6 ಭಾಗ ಮಾತ್ರ. ಇಷ್ಟನ್ನು ಇಂದಿನ ಉಪಕರಣಗಳು ಅಳೆಯಬಲ್ಲವು. ತೊಡಕಿರುವುದು ಬೇರೆಡೆಯಲ್ಲಿ. ಸುಮಾರು 1650ರಿಂದೀಚೆಗೆ, ಸೂರ್ಯನ ಚಟುವಟಿಕೆಯ ಏರಿಳಿತದಿಂದಲೂ ಕಲ್ಲಿದ್ದಲಿನ ಹೊಗೆಯಿಂದಲೂ, ಗಾಳಿಯಲ್ಲಿನ ಇಂಗಾಲ-14ರ ಪ್ರಮಾಣವೇ ಬದಲಾಗುತ್ತ ಬಂದಿದೆ. ಆದುದರಿಂದ ಒಂದೇ ಅಳತೆಗೆ ಹದಿನೆಂಟನೆಯ ಶತಮಾನದ ವರ್ಷವೂ ಹತ್ತೊಂಬತ್ತನೆಯ ಶತಮಾನದ ವರ್ಷವೂ ಹೊಂದಬಹುದು. ಅಲ್ಲದೆ ಹಳೆಯ ಮನೆಯ ತೊಲೆಯನ್ನು ಹೊಸ ಕಟ್ಟಡಕ್ಕೆ ಏರಿಸುವುದುಂಟು. ತೊಲೆಯು ಮರ ಬೆಳೆದ ಕಾಲವನ್ನು ಹೇಳೀತು. ಅದರ ಕೆಳಗೆ ದಾರಿಹೋಕರು ಮಲಗತೊಡಗಿದ ಕಾಲವನ್ನು ಹೇಳಲಾರದು.

ಇಲ್ಲಿಂದ ಮುಂದೆ ಕಾಗದಪತ್ರಗಳೇ ಸಾಕ್ಷಿ. ಬೆಂಗಳೂರಿನ ಗುಬ್ಬಿ ತೋಟದಪ್ಪನವರ ಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಅದರ ಆರಂಭದ ಬಗ್ಗೆ ವಿವಾದಕ್ಕೆ ಎಡೆಯಿಲ್ಲ. ಧಾರವಾಡ ಸೀಮೆಯಲ್ಲಾದರೆ ಶಿಲಾಶಾಸನ, ಪೇಶ್ವೆಯರ ಕಾಲದ ಮೋಡಿ ಲಿಪಿಯ ಸನದು, ಇನಾಮು ಭೂಮಿಯ ದಾಖಲೆಗಳನ್ನು ಹುಡುಕಬೇಕು. ಇವು ದತ್ತಿಯನ್ನು ಬಿಟ್ಟ ವರ್ಷವನ್ನು ತಿಳಿಸುತ್ತವೆ. ನಿಲ್ಲದೆ ನಡೆದುದಕ್ಕೆ ಮಾತ್ರ ವರ್ಷವರ್ಷದ ಜಮಾಖರ್ಚಿನ ವಹಿಗಳೇ ಬೇಕು. ಬರಗಾಲದಲ್ಲಿ ಹತ್ತು ವರ್ಷ ಮುಚ್ಚಿದ್ದ ಧರ್ಮಶಾಲೆಯ ಕಲ್ಲೂ ತೊಲೆಯೂ ಆ ಸಂಗತಿಯನ್ನು ನುಡಿಯುವುದಿಲ್ಲ.

ಇಷ್ಟೆಲ್ಲ ಶೋಧಿಸಿದ ಮೇಲೆ ನಮ್ಮ ಕೈಗೆ 300ರ ಬದಲು 140 ವರ್ಷಗಳ ಪುರಾವೆ ಮಾತ್ರ ಸಿಕ್ಕಿತೆನ್ನೋಣ. ಆಗ ಹಿರಿಯರ ಮಾತು ಸುಳ್ಳಾಯಿತೇ? ಇಲ್ಲ, ಉಳಿದ 160 ವರ್ಷಗಳು ಸಿದ್ಧವಾಗಿಲ್ಲ, ಅಷ್ಟೆ. ಸಿದ್ಧವಾದುದನ್ನೂ ಕೇಳಿಬಂದುದನ್ನೂ ಬೇರೆಬೇರೆಯಾಗಿ ಬರೆದಿಟ್ಟರೆ ಮುಂದಿನವರು ಅಲ್ಲಿಂದಲೇ ಶೋಧನೆಯನ್ನು ಮುಂದುವರಿಸಬಹುದು. ಎರಡನ್ನೂ ಬೆರೆಸಿ ಫಲಕವನ್ನು ಬರೆಸಿದರೆ, ಒಂದು ದಿನ 300 ಬಿದ್ದಾಗ ನಿಜವಾದ 140ನ್ನೂ ಯಾರೂ ನಂಬಲಾರರು.